ಕಾರವಾರದ ಸೆಕೆಗೆ, ಶಿರಸಿಯ ಮಳೆಗೆ ಒಂದು ಓಟದ ಗಡಿಯಾರ: ಗಾರ್ಮಿನ್ ಫೋರ್‌ರನ್ನರ್ 55

ಓಟದ ಗಡಿಯಾರಗಳ ಬಗ್ಗೆ ಸಿಗುವ ವಿಮರ್ಶೆಗಳಲ್ಲಿ ಪರದೆಯ ಹೊಳಪು, ಹಾಡು ತುಂಬಿಸಿಕೊಳ್ಳುವ ಸೌಲಭ್ಯ, ಅಂಗಡಿಯಲ್ಲಿ ಕೈ ತೋರಿಸಿ ಹಣ ಕೊಡುವ ಅನುಕೂಲ, ಇಂಥವೇ ಮೊದಲು ಬರುತ್ತವೆ. ಉತ್ತರ ಕನ್ನಡದ ಕರಾವಳಿಯಲ್ಲಿ ಓಡುವವರ ಪ್ರಶ್ನೆಗಳೇ ಬೇರೆ. ಬೆವರಿನಲ್ಲಿ ತೊಯ್ದ ಬೆರಳಿಗೆ ಗಡಿಯಾರ ಓಗೊಡುತ್ತದೆಯೇ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ ಅದನ್ನು ನಿಲ್ಲಿಸಿ ಶುರುಮಾಡಲು ಆಗುತ್ತದೆಯೇ, ಉಪ್ಪುನೀರು ತಾಗಿದ ಮೇಲೆ ಚಾರ್ಜಿಂಗ್ ಪಿನ್ನುಗಳು ಕಿಲುಬು ಹಿಡಿಯದೆ ಉಳಿಯುತ್ತವೆಯೇ, ತೆಂಗು ಅಡಿಕೆ ತೋಟಗಳ ಅಡಿಯಲ್ಲಿ ಅದು ಹೇಳುವ ದೂರವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ನಾವು ಕೇಳಿಕೊಳ್ಳಬೇಕಾಗುತ್ತದೆ. ನಾನು ಕಾರವಾರದಲ್ಲಿ ಬಳಸುತ್ತಿರುವ, ಆಗಾಗ ಶಿರಸಿಗೂ ಒಯ್ಯುವ ಗಾರ್ಮಿನ್ ಫೋರ್‌ರನ್ನರ್ 55 ಎಂಬ ಗಡಿಯಾರವನ್ನು ಈ ಪ್ರಶ್ನೆಗಳ ಎದುರಿಗಿಟ್ಟು ನೋಡಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಸಮತಟ್ಟಾದ ಕರಾವಳಿಯಲ್ಲಿ ಓಡುವವರಿಗೆ ಸ್ಪರ್ಶಪರದೆಯೇ ಇಲ್ಲದ ಈ ಸರಳ ಗಡಿಯಾರ ಧಾರಾಳವಾಗಿ ಸಾಕು; ಘಟ್ಟ ಹತ್ತುವುದೇ ಮುಖ್ಯ ಅಭ್ಯಾಸವಾಗಿರುವವರಿಗೆ ಮಾತ್ರ ಇದು ಸಾಲದು.

ಗಡಿಯಾರದ ಮೂಲ ವಿವರಗಳನ್ನು ಬೇಗ ಮುಗಿಸುತ್ತೇನೆ. ಇದು 2021ರ ಜೂನ್‌ನಲ್ಲಿ ಬಿಡುಗಡೆಯಾದ ಮಾದರಿ. ತೂಕ 37 ಗ್ರಾಂ, ಮುಖದ ಅಗಲ 42 ಮಿಲಿಮೀಟರ್, ಪರದೆ ಒಂದು ಇಂಚಿಗಿಂತ ತುಸು ದೊಡ್ಡದು. ಎಡಬದಿಯಲ್ಲಿ ಮೂರು, ಬಲಬದಿಯಲ್ಲಿ ಎರಡು, ಒಟ್ಟು ಐದು ಗುಂಡಿಗಳಿವೆ. ಉಪಗ್ರಹ ಸಂಕೇತ ಹಿಡಿದು ಓಡಿದರೆ 20 ಗಂಟೆ, ಬರೀ ಕೈಗಡಿಯಾರವಾಗಿ ಕಟ್ಟಿಕೊಂಡರೆ ಎರಡು ವಾರ ಬ್ಯಾಟರಿ ಬರುತ್ತದೆ ಎಂದು ತಯಾರಕರು ಹೇಳುತ್ತಾರೆ. ವಾರದಲ್ಲಿ ನಾಲ್ಕೈದು ದಿನ ಬೆಳಿಗ್ಗೆ ಓಡುವವರು ವಾರಕ್ಕೊಮ್ಮೆ ಚಾರ್ಜಿಗೆ ಹಾಕಿದರೆ ನಡೆಯುತ್ತದೆ. ಮಳೆಗಾಲದಲ್ಲಿ ಕರೆಂಟು ಎಷ್ಟು ಹೊತ್ತಿಗೆ ಹೋಗಿ ಎಷ್ಟು ಹೊತ್ತಿಗೆ ಬರುತ್ತದೆಂದು ಹೇಳಲಾಗದ ನಮ್ಮ ಊರುಗಳಲ್ಲಿ ಇದು ಸಣ್ಣ ಅನುಕೂಲವಲ್ಲ.

ಈ ಗಡಿಯಾರದ ನಿಜವಾದ ಗುಣ ಇರುವುದು ಆ ಐದು ಗುಂಡಿಗಳಲ್ಲಿ. ಸ್ಪರ್ಶಪರದೆಗಳು ಬೆರಳಿನ ವಿದ್ಯುತ್ ಗುಣವನ್ನು ಗುರುತಿಸಿ ಕೆಲಸ ಮಾಡುತ್ತವೆ. ನೀರಿಗೂ ಅಂಥದೇ ಗುಣವಿರುವುದರಿಂದ ಪರದೆಯ ಮೇಲೆ ಬಿದ್ದ ಮಳೆಹನಿಯನ್ನೂ ಅವು ಬೆರಳೆಂದೇ ಎಣಿಸಬಹುದು, ಬೆವರಿದ ಬೆರಳನ್ನು ಗುರುತಿಸದೆಯೂ ಹೋಗಬಹುದು. ಜುಲೈ ತಿಂಗಳ ಬೆಳಗ್ಗೆ ಕೋಡಿಬಾಗದ ಕಡೆಗೆ ಹೊರಟವನ ಕೈಯಲ್ಲಿ ಹನಿಗಳೇ ಪುಟ ತಿರುವಿ, ತಾಲೀಮನ್ನು ನಿಲ್ಲಿಸಿ, ಅದು ಯಾವಾಗ ನಿಂತಿತೆಂದು ಗೊತ್ತಾಗದಂತಾಗುವುದು ಸ್ಪರ್ಶಪರದೆಯ ಗಡಿಯಾರ ಕಟ್ಟಿಕೊಂಡವರಿಗೆ ಹೊಸದಲ್ಲ. ಗುಂಡಿಯ ಗಡಿಯಾರದಲ್ಲಿ ಆ ತಾಪತ್ರಯವಿಲ್ಲ. ಬಲಬದಿಯ ಮೇಲಿನ ಗುಂಡಿ ಒತ್ತಿದರೆ ಶುರು, ಮತ್ತೆ ಒತ್ತಿದರೆ ನಿಲುಗಡೆ, ಕೆಳಗಿನದನ್ನು ಒತ್ತಿದರೆ ಲ್ಯಾಪ್, ಅಂದರೆ ಅಲ್ಲಿಗೆ ಓಟದ ಒಂದು ಸುತ್ತು ಮುಗಿದು ಹೊಸದರ ಲೆಕ್ಕ ಶುರು. ಕೆಲವು ದಿನ ಕಳೆದ ಮೇಲೆ ಬೆರಳಿಗೆ ಜಾಗ ರೂಢಿಯಾಗಿ, ಗಡಿಯಾರದ ಕಡೆ ನೋಡುವ ಅಗತ್ಯವೂ ಉಳಿಯುವುದಿಲ್ಲ. ಛತ್ರಿಯಂತೂ ಹಿಡಿಯದೆ, ಮಳೆಕೋಟಿನ ತೋಳಿನ ಮೇಲಿಂದಲೇ ಗುಂಡಿ ತಡಕಿ ಒತ್ತಬಹುದು.

ಪರದೆಯ ವಿಷಯವೂ ಹೀಗೆಯೇ. ಇದರಲ್ಲಿರುವುದು ಹೊರಗಿನ ಬೆಳಕನ್ನೇ ಪ್ರತಿಫಲಿಸಿ ಕಾಣುವ ಮಾದರಿಯ ಪರದೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಹೊಳಪಿನ ಅಮೋಲೆಡ್ ಪರದೆಯ ಪಕ್ಕದಲ್ಲಿಟ್ಟರೆ ಇದು ಬಡವಾಗಿ, ಮಂಕಾಗಿ ಕಾಣುತ್ತದೆ. ಎಷ್ಟೋ ಜನ ಇದನ್ನು ಅಲ್ಲಿಯೇ ಕೆಳಗಿಡುವುದು ಈ ಕಾರಣಕ್ಕೆ. ಆದರೆ ರವೀಂದ್ರನಾಥ ಟಾಗೋರ್ ಕಡಲತೀರದ ಮೇಲೆ ಹೊತ್ತು ಏರಿದ ಮೇಲೆ ನೋಡಿದರೆ ಅಂಕಿಗಳು ಇನ್ನಷ್ಟು ಸ್ಪಷ್ಟವಾಗುತ್ತವೆಯೇ ಹೊರತು ಮಾಸುವುದಿಲ್ಲ, ಏಕೆಂದರೆ ಬಿಸಿಲು ಹೆಚ್ಚಿದಷ್ಟೂ ಪರದೆಗೆ ಬೆಳಕು ಹೆಚ್ಚು ಸಿಗುತ್ತದೆ. ಮುಖ ಸದಾ ತೆರೆದೇ ಇರುತ್ತದೆ. ಮಣಿಕಟ್ಟು ತಿರುಗಿಸಿ ಪರದೆ ಎಚ್ಚರಗೊಳ್ಳಲು ಕಾಯಬೇಕಿಲ್ಲ. ಕತ್ತಲಲ್ಲಿ ಮಾತ್ರ ಎಡಬದಿಯ ಮೇಲಿನ ಗುಂಡಿ ಒತ್ತಿ ದೀಪ ಹೊತ್ತಿಸಿಕೊಳ್ಳಬೇಕು, ಅಥವಾ ಕೈ ಎತ್ತಿದಾಗ ದೀಪ ತಾನೇ ಹೊತ್ತುವಂತೆ ಮಾಡಿಟ್ಟುಕೊಳ್ಳಬೇಕು.

ಇನ್ನು ದೂರ ಅಳೆಯುವ ಕೆಲಸ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಕಳಿಸುವ ಸಂಕೇತ ನೆಲ ಮುಟ್ಟುವ ಹೊತ್ತಿಗೆ ಅತಿ ಕ್ಷೀಣವಾಗಿರುತ್ತದೆ. ಎಲೆಗಳು, ಅದರಲ್ಲೂ ಮಳೆಯಲ್ಲಿ ನೆನೆದ ಎಲೆಗಳು ಅದನ್ನು ಇನ್ನಷ್ಟು ಹೀರುತ್ತವೆ, ಬಂಡೆಗಳೂ ಕಟ್ಟಡಗಳೂ ಅದನ್ನು ಅಡ್ಡ ತಿರುಗಿಸಿ ಕಳಿಸುತ್ತವೆ. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ನಾಗರಿಕ ಬಳಕೆಯ ಸಂಕೇತವನ್ನು ಬೇಕೆಂದೇ ತಪ್ಪುತಪ್ಪಾಗಿ ಕಳಿಸುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆಯೇ ಓಟಕ್ಕೆ ಆಗುವಷ್ಟು ನಿಖರತೆ ಜನಸಾಮಾನ್ಯರಿಗೆ ಸಿಕ್ಕಿತು. ಇದೇ ಸರಣಿಯ ಮೊದಲ ಗಡಿಯಾರಗಳು 2003ರಲ್ಲಿ ಬಂದವು, ಇಂದಿನ ಲೆಕ್ಕದಲ್ಲಿ ಅವು ಕೈಗೆ ಕಟ್ಟಿದ ಡಬ್ಬಿಗಳು. ಫೋರ್‌ರನ್ನರ್ 55ರಲ್ಲಿ ಜಿಪಿಎಸ್ ಒಂದನ್ನೇ ಬಳಸಬಹುದು, ಇಲ್ಲವೇ ಅದರ ಜೊತೆಗೆ ರಷ್ಯಾದ ಗ್ಲೋನಾಸ್ ಅಥವಾ ಯುರೋಪಿನ ಗೆಲಿಲಿಯೋ ಸೇರಿಸಿಕೊಳ್ಳಬಹುದು. ಎರಡನ್ನು ಸೇರಿಸಿದರೆ ಬ್ಯಾಟರಿ ತುಸು ಬೇಗ ಇಳಿಯುತ್ತದೆ. ಆದರೂ ತೋಟಗಳ ನಡುವೆ ಓಡುವವರು ಹಾಗೆಯೇ ಇಟ್ಟುಕೊಳ್ಳುವುದು ಒಳ್ಳೆಯದು.

ಕಡಲತೀರದ ಮೇಲೆ ಇದರ ಲೆಕ್ಕಕ್ಕೆ ನಾನು ತಕರಾರು ಮಾಡುವುದಿಲ್ಲ. ಆಕಾಶ ಪೂರ್ತಿ ತೆರೆದಿರುತ್ತದೆ, ದಾರಿ ನೇರ, ಹೋದ ಗೆರೆ ಮತ್ತು ಬಂದ ಗೆರೆ ನಕಾಶೆಯಲ್ಲಿ ಒಂದರ ಪಕ್ಕದಲ್ಲೊಂದು ಚೊಕ್ಕವಾಗಿ ಕೂರುತ್ತವೆ. ಗಾಳಿಮರಗಳ ಸಾಲಿನೊಳಗೆ ಹೊಕ್ಕ ಕೂಡಲೇ ಗೆರೆ ತುಸು ಅಲುಗಾಡುತ್ತದೆ. ಕಾಳಿ ನದಿಯ ಸೇತುವೆಯೂ ಅಳತೆಗೆ ಒಳ್ಳೆಯ ಜಾಗವೇ, ಆದರೆ 2024ರ ಆಗಸ್ಟ್‌ನಲ್ಲಿ ಹಳೆಯ ಸೇತುವೆ ಕುಸಿದು ಬಿದ್ದ ಮೇಲೆ ಉಳಿದೊಂದು ಸೇತುವೆಯ ಲಾರಿಗಳ ನಡುವೆ ಓಡುವ ಆಸೆ ನನಗಿಲ್ಲ. ಶಿರಸಿಯ ಕಡೆ ಅಡಿಕೆ ತೋಟದ ಅಂಚಿನ ದಾರಿಗಳಲ್ಲಿ, ಸೋಂದೆಯ ರಸ್ತೆಯ ಮರಗಳ ಕೆಳಗೆ, ಯಾವ ಗಡಿಯಾರವಾದರೂ ಗೆರೆಯನ್ನು ಒಮ್ಮೊಮ್ಮೆ ರಸ್ತೆ ಬಿಟ್ಟು ತೋಟಕ್ಕೆ ಇಳಿಸುತ್ತದೆ. ಯಾಣದಲ್ಲಂತೂ ಲೆಕ್ಕವನ್ನೇ ಬಿಡಬೇಕು: 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬುಡದಲ್ಲಿ ನಿಂತರೆ ಅರ್ಧ ಆಕಾಶವೇ ಮರೆಯಾಗಿರುತ್ತದೆ, ಉಳಿದರ್ಧದಿಂದ ಬರುವ ಸಂಕೇತ ಬಂಡೆಗೆ ಬಡಿದು ಸುತ್ತಿ ಬರುತ್ತದೆ, ನಿಂತಲ್ಲೇ ನಿಂತವನನ್ನು ಗಡಿಯಾರ ಓಡಾಡಿಸುತ್ತದೆ.

ಓಟ ಶುರುಮಾಡುವ ಮುಂಚೆ ಮಾಡಬೇಕಾದ ಒಂದು ಸಣ್ಣ ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಪ್ರತಿ ಉಪಗ್ರಹವೂ ತಾನೆಲ್ಲಿದ್ದೇನೆಂಬ ವಿವರವನ್ನು 30 ಸೆಕೆಂಡಿಗೊಮ್ಮೆ ಬಿತ್ತರಿಸುತ್ತದೆ. ಗಡಿಯಾರ ಅದನ್ನು ಪೂರ್ತಿ ಕೇಳಿಸಿಕೊಂಡ ಮೇಲೆಯೇ ತನ್ನ ಸ್ಥಾನ ಲೆಕ್ಕ ಹಾಕಬಲ್ಲದು. ಹಿಂದಿನ ರಾತ್ರಿ ಮೊಬೈಲ್‌ಗೆ ಜೋಡಿಸಿದ್ದರೆ ಮುಂದಿನ ಕೆಲವು ದಿನಗಳ ಉಪಗ್ರಹ ವಿವರವನ್ನು ಅದು ಮೊದಲೇ ತುಂಬಿಕೊಂಡಿರುತ್ತದೆ, ಬೆಳಿಗ್ಗೆ ಅಂಗಳಕ್ಕೆ ಇಳಿದ ಕೆಲವೇ ಸೆಕೆಂಡುಗಳಲ್ಲಿ ಸಿದ್ಧವಾಗುತ್ತದೆ. ಜೋಡಿಸದೆ ವಾರಗಟ್ಟಲೆ ಬಿಟ್ಟು, ಮಾಡಿನ ಕೆಳಗೆ ನಿಂತು ಗುಂಡಿ ಒತ್ತಿ, ಸಂಕೇತ ಸಿಗುವ ಮುಂಚೆಯೇ ಓಡತೊಡಗಿದರೆ ಮೊದಲ ಕಿಲೋಮೀಟರಿನ ಲೆಕ್ಕ ಯಾರದೋ ಹಿತ್ತಿಲಿನಲ್ಲಿ ಕಳೆದುಹೋಗುತ್ತದೆ. ತೆರೆದ ಜಾಗದಲ್ಲಿ ನಿಂತು, ಗಡಿಯಾರ ಅನುಮತಿ ಕೊಡುವವರೆಗೆ ಕಾಲು ಸಡಿಲಿಸುತ್ತ ಕಾಯುವುದೇ ಸರಿ.

ಪರದೆಯ ಮೇಲೆ ಏನನ್ನು ಇಟ್ಟುಕೊಳ್ಳಬೇಕೆಂಬುದರ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ: ಆ ಕ್ಷಣದ ವೇಗವನ್ನು ತೋರಿಸುವ ಅಂಕಿಯನ್ನು ತೆಗೆದುಹಾಕಬೇಕು. ಕಿಲೋಮೀಟರಿಗೆ ಆರು ನಿಮಿಷದ ಗತಿಯಲ್ಲಿ ಓಡುವವನು ಐದು ಸೆಕೆಂಡಿನಲ್ಲಿ ಸಾಗುವುದು ಸುಮಾರು 14 ಮೀಟರ್. ಅಷ್ಟರಲ್ಲಿ ಮೂರು ಮೀಟರ್ ಆಚೀಚೆಯಾದರೆ ಲೆಕ್ಕದ ಗತಿ ಒಂದು ಕಡೆ ಐದು ನಿಮಿಷದೊಳಗೆ ಇಳಿಯುತ್ತದೆ, ಇನ್ನೊಂದು ಕಡೆ ಏಳೂವರೆ ನಿಮಿಷ ದಾಟುತ್ತದೆ. ಗಡಿಯಾರ ಈ ಏರುಪೇರನ್ನು ಸರಾಸರಿ ಹಾಕಿ ತಕ್ಕಮಟ್ಟಿಗೆ ಸವರುತ್ತದೆ ನಿಜ, ಆದರೂ ಮರದ ನೆರಳಿನಲ್ಲಿ ಆ ಅಂಕಿಯನ್ನು ಹಿಂಬಾಲಿಸಿ ಕಾಲು ಬೀಸುವುದು ವ್ಯರ್ಥ ಶ್ರಮ. ಅದರ ಬದಲು ಲ್ಯಾಪಿನ ಸರಾಸರಿ ಗತಿ, ಒಟ್ಟು ದೂರ, ನಾಡಿಬಡಿತ, ಈ ಮೂರನ್ನು ಒಂದೇ ಪುಟದಲ್ಲಿ ಇಟ್ಟುಕೊಂಡರೆ ಬೇರೇನೂ ಬೇಡ. ಮೈದಾನದಲ್ಲಿ ಸುತ್ತು ಹಾಕುವವರು ಲ್ಯಾಪ್ ಗುಂಡಿಯನ್ನು ಕೈಯಿಂದಲೇ ಒತ್ತುವುದು ಒಳ್ಳೆಯದು. ಇದರಲ್ಲಿ ಟ್ರ್ಯಾಕ್‌ಗೆಂದೇ ಒಂದು ವಿಧಾನವಿದೆ, ಆದರೆ ಅದು 400 ಮೀಟರಿನ ಪ್ರಮಾಣಿತ ಟ್ರ್ಯಾಕ್‌ಗೆ ಮಾಡಿದ್ದು. ಸುಣ್ಣದಲ್ಲಿ ಗೆರೆ ಎಳೆದು ಕ್ರೀಡಾಕೂಟ ಮುಗಿಸುವ ನಮ್ಮ ಮೈದಾನಗಳಿಗೆ ಅದು ಹೊಂದುವುದಿಲ್ಲ.

ಬೆಂಗಳೂರಿಗೋ ಗೋವಾಕ್ಕೋ ಹೋಗಿ ಸ್ಪರ್ಧೆ ಓಡಿ ಬಂದವರು ದೂರ ತಪ್ಪಿತ್ತೆಂದು ಸಂಘಟಕರನ್ನು ಬೈಯುವುದನ್ನು ಕೇಳಿದ್ದೇನೆ. ಪ್ರಮಾಣೀಕೃತ ಓಟದ ಹಾದಿಯನ್ನು ತಿರುವುಗಳ ಒಳ ಅಂಚಿನ ಅತಿ ಹತ್ತಿರದ ಗೆರೆಯಲ್ಲಿ ಅಳೆಯುತ್ತಾರೆ. ಅಳತೆ ಕಡಿಮೆ ಬೀಳಬಾರದೆಂದು ಸಾವಿರಕ್ಕೆ ಒಂದರಷ್ಟು ಹೆಚ್ಚು ಸೇರಿಸುತ್ತಾರೆ, ಅಂದರೆ 42.195 ಕಿಲೋಮೀಟರಿನ ಮ್ಯಾರಥಾನಿಗೆ 42 ಮೀಟರ್. ಓಟಗಾರ ಜನರ ನಡುವೆ ಆಚೀಚೆ ಸರಿದು ಓಡುತ್ತಾನೆ, ನೀರಿನ ಮೇಜಿನ ಕಡೆಗೆ ಹೋಗಿ ಬರುತ್ತಾನೆ. ಹೀಗಾಗಿ ಗಡಿಯಾರ ಹೆಚ್ಚು ದೂರ ತೋರಿಸುವುದೇ ಸಹಜ. ಸಮಯದ ಗುರಿ ಇಟ್ಟುಕೊಂಡವರು ತಾನಾಗಿ ಬೀಳುವ ಲ್ಯಾಪನ್ನು ಆ ದಿನ ತೆಗೆದಿಟ್ಟು, ದಾರಿಯ ಕಿಲೋಮೀಟರ್ ಫಲಕದ ಎದುರು ತಾವೇ ಗುಂಡಿ ಒತ್ತಬೇಕು.

ನಾಡಿಬಡಿತದ ವಿಷಯಕ್ಕೆ ಬಂದರೆ ಹೇಳುವುದು ಬಹಳ ಇದೆ, ಏಕೆಂದರೆ ಕರಾವಳಿಯಲ್ಲಿ ಓಡುವವರಿಗೆ ಗಡಿಯಾರ ಕೊಡುವ ಅತ್ಯಂತ ಉಪಯುಕ್ತ ಅಂಕಿ ಅದೇ, ಅತ್ಯಂತ ಸುಲಭವಾಗಿ ದಾರಿ ತಪ್ಪಿಸುವ ಅಂಕಿಯೂ ಅದೇ. ಗಡಿಯಾರದ ಬೆನ್ನಿನಲ್ಲಿ ಮಿನುಗುವ ಹಸಿರು ದೀಪಗಳು ಚರ್ಮದೊಳಕ್ಕೆ ಬೆಳಕು ಬಿಡುತ್ತವೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುವುದರಿಂದ, ಪ್ರತಿ ಬಡಿತಕ್ಕೂ ಹಿಂದಿರುಗುವ ಬೆಳಕು ಹೆಚ್ಚುಕಡಿಮೆಯಾಗುತ್ತದೆ, ಆ ಏರಿಳಿತವನ್ನು ಗಡಿಯಾರ ಎಣಿಸುತ್ತದೆ. ಗಡಿಯಾರ ಮಣಿಕಟ್ಟಿನ ಮೇಲೆ ಕುಣಿಯುತ್ತಿದ್ದರೆ ಅದು ಎಣಿಸುವುದು ರಕ್ತದ ಏರಿಳಿತವನ್ನಲ್ಲ, ಹೆಜ್ಜೆಯ ಕುಲುಕಾಟವನ್ನು. ನಿಧಾನವಾಗಿ ಮಾತನಾಡುತ್ತ ಓಡುತ್ತಿದ್ದರೂ ಬಡಿತ ನಿಮಿಷಕ್ಕೆ 165ರಲ್ಲಿ ಅಲುಗಾಡದೆ ನಿಂತಿದ್ದರೆ, ಒಮ್ಮೆ ಹೆಜ್ಜೆಗತಿಯ ಅಂಕಿಯನ್ನೂ ನೋಡಬೇಕು; ಅದೂ 165 ಇದ್ದರೆ ಗಡಿಯಾರ ಹೆಜ್ಜೆಯನ್ನೇ ನಾಡಿಯೆಂದು ಹಿಡಿದುಕೊಂಡಿದೆ. ಇದು ಯಾವುದೋ ಒಂದು ಕಂಪನಿಯ ದೋಷವಲ್ಲ, ಮಣಿಕಟ್ಟಿನಿಂದ ಬೆಳಕಿನಲ್ಲಿ ಅಳೆಯುವ ವಿಧಾನಕ್ಕೇ ಅಂಟಿದ್ದು. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಗಲ ಮೇಲಕ್ಕೆ, ಜಾರದಷ್ಟು ಬಿಗಿಯಾಗಿ, ರಕ್ತ ಕಟ್ಟದಷ್ಟು ಸಡಿಲವಾಗಿ ಕಟ್ಟಿದರೆ ಬಹುಪಾಲು ಸರಿಹೋಗುತ್ತದೆ. ಹಚ್ಚೆ ಇರುವ ಜಾಗದ ಮೇಲೆ ಕಟ್ಟಬಾರದು, ಶಾಯಿ ಬೆಳಕನ್ನು ತಡೆಯುತ್ತದೆ. ಡಿಸೆಂಬರಿನ ಶಿರಸಿಯ ಮಂಜಿನ ಬೆಳಗಿನಲ್ಲಿ ಕೈ ತಣ್ಣಗಾಗಿ ಚರ್ಮಕ್ಕೆ ರಕ್ತ ಕಡಿಮೆ ಹರಿಯುವುದರಿಂದ ಮೊದಲ ಹತ್ತು ನಿಮಿಷದ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಉತ್ತಮ.

ಅಂಕಿ ಸರಿಯಾಗಿದ್ದರೂ ಅದರ ಅರ್ಥ ಊರಿಂದೂರಿಗೆ ಬದಲಾಗುತ್ತದೆ. ಬೆವರು ಆರಿದಾಗ ಮಾತ್ರ ಮೈ ತಂಪಾಗುತ್ತದೆ. ಕಾರವಾರದ ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ, ಬೆಳಗಿನ ಐದೂವರೆಗೂ ಗಾಳಿ ತೇವದಿಂದ ಭಾರವಾಗಿರುವಾಗ, ಬೆವರು ಆರುವುದಿಲ್ಲ, ಮೊಣಕೈಯಿಂದ ತೊಟ್ಟಿಕ್ಕುತ್ತದೆ. ಮೈಯನ್ನು ತಂಪಾಗಿಡಲು ಹೃದಯ ಚರ್ಮಕ್ಕೆ ಹೆಚ್ಚು ರಕ್ತ ತಳ್ಳಬೇಕು, ನೀರು ಕಳೆದು ರಕ್ತದ ಪ್ರಮಾಣ ತಗ್ಗಿದಂತೆ ಬಡಿತ ಇನ್ನೂ ಏರಬೇಕು. ಆದ್ದರಿಂದ ಅದೇ ಕಾಲು, ಅದೇ ಗತಿ, ಅದೇ ದಾರಿ ಇದ್ದರೂ ಜನವರಿಯಲ್ಲಿ ಹಗುರವಾಗಿದ್ದ ಓಟ ಮೇ ತಿಂಗಳಲ್ಲಿ ನಾಡಿಯ ಲೆಕ್ಕದಲ್ಲಿ ಕಠಿಣವಾಗುತ್ತದೆ. ಗಡಿಯಾರ ದಿನದಿನ ಸೂಚಿಸುವ ತಾಲೀಮುಗಳು, ದೇಹ ಬಳಸಬಲ್ಲ ಆಮ್ಲಜನಕದ ಅದರ ಅಂದಾಜು, ಸ್ಪರ್ಧೆಯ ಸಮಯದ ಮುನ್ನೋಟ, ಇವೆಲ್ಲ ನಾಡಿ ಮತ್ತು ಗತಿಯ ಸಂಬಂಧದ ಮೇಲೆ ನಿಂತಿವೆ. ಬೇಸಿಗೆಯಲ್ಲಿ ಅವು ಕುಸಿದರೆ ಓಟಗಾರ ಕೆಟ್ಟನೆಂದಲ್ಲ. ನಾನು ಆ ತಿಂಗಳುಗಳಲ್ಲಿ ಗತಿಯ ಗುರಿಯನ್ನು ಪೂರ್ತಿ ಬಿಟ್ಟು ನಾಡಿಯ ಮಿತಿಯೊಳಗೆ ಓಡುತ್ತೇನೆ. ಮಿತಿ ದಾಟಿದಾಗ ಗಡಿಯಾರ ಗುಂಯ್‌ಗುಟ್ಟುವಂತೆ ಮಾಡಿಟ್ಟಿದ್ದೇನೆ, ಗುಂಯ್‌ಗುಟ್ಟಿದಾಗ ನಡೆಯುತ್ತೇನೆ. ಕಡಲತೀರದಲ್ಲಿ ನನ್ನನ್ನು ದಾಟಿ ಹೋಗುವವರ ಸಂಖ್ಯೆ ಆಗ ಹೆಚ್ಚಾಗುತ್ತದೆ, ಅದರಲ್ಲಿ ಬೇಸರವೇನಿಲ್ಲ.

ಆ ಮಿತಿಯನ್ನು ಎಲ್ಲಿಡಬೇಕೆಂಬುದೂ ಯೋಚಿಸಬೇಕಾದ ಮಾತು. ಗರಿಷ್ಠ ನಾಡಿಬಡಿತವನ್ನು 220ರಿಂದ ವಯಸ್ಸು ಕಳೆದು ಕಂಡುಕೊಳ್ಳುವ ಹಳೆಯ ಸೂತ್ರ ಎಲ್ಲ ಕಡೆ ಚಾಲ್ತಿಯಲ್ಲಿದೆ, ಆದರೆ ಅದು ವಯಸ್ಸಾದವರಿಗೆ ಕಡಿಮೆ ಹೇಳುತ್ತದೆ. ತನಾಕಾ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಸೂತ್ರದಲ್ಲಿ 208ರಿಂದ ವಯಸ್ಸಿನ ಹತ್ತರಲ್ಲಿ ಏಳು ಪಾಲನ್ನು ಕಳೆಯುತ್ತಾರೆ. 60ರ ಹರೆಯದವರಿಗೆ ಮೊದಲನೆಯದು 160 ಕೊಟ್ಟರೆ ಎರಡನೆಯದು 166 ಕೊಡುತ್ತದೆ. ಎರಡೂ ಸರಾಸರಿಗಳೇ, ಒಬ್ಬೊಬ್ಬರ ಮೈ ಅದರಿಂದ ಹತ್ತು ಬಡಿತ ಆಚೀಚೆ ಇರಬಹುದು. ನಿವೃತ್ತಿಯ ನಂತರ ಓಡಲು ಶುರುಮಾಡಿದವರು ನಮ್ಮಲ್ಲಿ ಕಡಿಮೆಯಿಲ್ಲ; ಅವರು ಈ ಅಂಕಿಯನ್ನು ಗಡಿಯಾರಕ್ಕೆ ಬಿಡದೆ ವೈದ್ಯರನ್ನು ಕೇಳಿ ತುಂಬಿಸುವುದು ಒಳಿತು.

ವೇಗದ ತಾಲೀಮು ಮಾಡುವವರು ಎದೆಗೆ ಕಟ್ಟಿಕೊಂಡು ನಾಡಿ ಅಳೆಯುವ ಎದೆಪಟ್ಟಿ ಕೊಂಡುಕೊಳ್ಳಬೇಕು. ಬ್ಲೂಟೂತ್ ಅಥವಾ ಆ್ಯಂಟ್ ಪ್ಲಸ್ ಎಂಬ ನಿಸ್ತಂತು ಸಂಪರ್ಕ ಇರುವ ಯಾವ ಕಂಪನಿಯ ಪಟ್ಟಿಯಾದರೂ ಈ ಗಡಿಯಾರಕ್ಕೆ ಜೋಡಿಯಾಗುತ್ತದೆ. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವುದರಿಂದ ಹೆಜ್ಜೆಯ ಕುಲುಕಾಟಕ್ಕೆ ಮೋಸ ಹೋಗುವುದು ಕಡಿಮೆ. ಚರ್ಮಕ್ಕೆ ತಾಗುವ ಭಾಗ ಒದ್ದೆಯಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ, ಒಣ ಹವೆಯ ಊರಿನವರು ನೀರು ಸವರಿಕೊಂಡು ಹೊರಡುತ್ತಾರೆ. ನಮಗೆ ಆ ಚಿಂತೆಯಿಲ್ಲ, ಮನೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಎದೆ ತೊಯ್ದಿರುತ್ತದೆ. ನಮ್ಮ ಚಿಂತೆ ಓಟ ಮುಗಿದ ಮೇಲಿನದು. ಬೆವರಿದ ಪಟ್ಟಿಗೆ ಅದರ ಅಳೆಯುವ ಸಣ್ಣ ಯಂತ್ರವನ್ನು ಹಾಗೆಯೇ ಸಿಕ್ಕಿಸಿ ನೇತುಹಾಕಿದರೆ ಒದ್ದೆಪಟ್ಟಿಯ ಮೂಲಕ ಅದು ಎಚ್ಚರವಾಗಿಯೇ ಇದ್ದು ಸೆಲ್ ಖಾಲಿ ಮಾಡಿಕೊಳ್ಳುತ್ತದೆ. ಬಂದ ಕೂಡಲೇ ಯಂತ್ರವನ್ನು ಕಿತ್ತು, ಪಟ್ಟಿಯನ್ನು ಸಿಹಿನೀರಿನಲ್ಲಿ ಹಿಂಡಿ ಫ್ಯಾನಿನ ಕೆಳಗೆ ಹಾಕಬೇಕು.

ನೀರು ಮತ್ತು ಉಪ್ಪಿನ ಮಾತು ಇಲ್ಲಿಗೇ ಸೇರುತ್ತದೆ. ಗಡಿಯಾರದ ಮೇಲೆ 5 ಎಟಿಎಂ ಎಂದು ಬರೆದಿರುವುದು 50 ಮೀಟರ್ ಆಳದ ನಿಂತ ನೀರಿನ ಒತ್ತಡ ತಾಳುತ್ತದೆ ಎಂಬರ್ಥದಲ್ಲಿ. ಮಳೆ, ಈಜು, ತೆರೆಯ ಎರಚಲು ಇವು ಅದಕ್ಕೆ ಲೆಕ್ಕವಲ್ಲ, ಆಳಕ್ಕೆ ಧುಮುಕುವುದಕ್ಕೆ ಮಾತ್ರ ಅದು ಪರವಾನಗಿಯಲ್ಲ. ನೀರಿಗಿಂತ ನೀರು ಬಿಟ್ಟುಹೋಗುವ ಉಪ್ಪು ಕೆಟ್ಟದ್ದು. ಹಿಂಬದಿಯಲ್ಲಿ ಚಾರ್ಜರ್ ಚುಚ್ಚುವ ಸಣ್ಣ ಗೂಡಿದೆ, ಅದರೊಳಗೆ ನಾಲ್ಕು ಲೋಹದ ಚುಕ್ಕೆಗಳು. ಬೆವರೋ ಸಮುದ್ರದ ನೀರೋ ಅಲ್ಲಿ ನಿಂತಿರುವಾಗಲೇ ಚಾರ್ಜರ್ ಚುಚ್ಚಿದರೆ ಉಪ್ಪುನೀರಿನಲ್ಲಿ ವಿದ್ಯುತ್ ಹರಿದು ಲೋಹ ತಿನ್ನತೊಡಗುತ್ತದೆ, ಕೆಲವು ತಿಂಗಳಲ್ಲಿ ಹಸಿರು ಪುಡಿ ಕಾಣುತ್ತದೆ. ಮಾಡಬೇಕಾದದ್ದು ಇಷ್ಟೇ: ಓಡಿ ಬಂದ ಮೇಲೆ ನಲ್ಲಿಯ ಕೆಳಗೆ ಹಿಡಿದು ಐದೂ ಗುಂಡಿಗಳನ್ನು ನೀರಿನಲ್ಲಿಯೇ ನಾಲ್ಕಾರು ಸಲ ಒತ್ತಿ ಸಂದಿಯ ಮರಳು ಕಳೆಯಬೇಕು, ಗೂಡನ್ನು ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸವರಬೇಕು, ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿದ ಮೇಲೆ ಮಾತ್ರ ಚಾರ್ಜಿಗೆ ಹಾಕಬೇಕು. ಮಳೆಗಾಲದಲ್ಲಿ ತಾನಾಗಿ ಒಣಗುವುದೆಂಬುದು ಸುಳ್ಳು. ಹಪ್ಪಳವೇ ಮೆತ್ತಗಾಗುವ ಆ ಹವೆಯಲ್ಲಿ ಗೂಡಿನ ಮೂಲೆಯ ತೇವ ಮಧ್ಯಾಹ್ನದವರೆಗೂ ಇರುತ್ತದೆ. ಸಂಜೆ ಚಾರ್ಜಿಗೆ ಹಾಕುವ ಅಭ್ಯಾಸ ಒಳ್ಳೆಯದು.

ಸಿಲಿಕೋನ್ ಬೆಲ್ಟು ಬಾಳಿಕೆ ಬರುತ್ತದೆ, ಆದರೆ ಅದರ ಅಡಿಯಲ್ಲಿ ಬೆವರೂ ಸೋಪಿನ ನೊರೆಯೂ ಉಳಿದರೆ ಚರ್ಮ ಕೆಂಪಾಗಿ ತುರಿಕೆ ಬರುತ್ತದೆ. ಓಟ ಮುಗಿದ ಮೇಲೆ ಬಿಚ್ಚಿಡುವುದು, ಆಗಾಗ ಇನ್ನೊಂದು ಕೈಗೆ ಕಟ್ಟುವುದು, ಇದಕ್ಕಿಂತ ದೊಡ್ಡ ಔಷಧಿ ಬೇಕಿಲ್ಲ. ಬಟ್ಟೆಯ ಬೆಲ್ಟು ಕೈಗೆ ಹಿತವೆಂದು ಅನೇಕರು ಹೊಗಳುತ್ತಾರೆ. ಜೂನ್ ನಂತರ ಅದು ಒಣಗದೆ ನಾಲ್ಕೇ ದಿನಕ್ಕೆ ಮುಗ್ಗಲು ವಾಸನೆ ಹೊಡೆಯುತ್ತದೆ. ಇದರ ಬೆಲ್ಟು ಸಾಮಾನ್ಯ 20 ಮಿಲಿಮೀಟರ್ ಅಳತೆಯದಾದ್ದರಿಂದ ಹೊಸದನ್ನು ಎಲ್ಲಿಯೂ ಕೊಳ್ಳಬಹುದು. ಕಾರವಾರದ ಪೇಟೆಯಲ್ಲಿ ಗಡಿಯಾರ ರಿಪೇರಿಯವರೊಬ್ಬರ ಕೈಗೆ ಇದನ್ನು ಕೊಟ್ಟಾಗ ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಎರಡೂ ಬದಿ ತಿರುಗಿಸಿ ನೋಡಿ, “ಬೆಲ್ಟು ಹಾಕಿ ಕೊಡ್ತೆ ಸರ್, ಪಿನ್ನೂ ಹಾಕ್ತೆ. ಸೆಲ್ ಮಾತ್ರ ಕೇಳೂದೇ ಬೇಡ, ಇದನ್ನ ಬಿಚ್ಚಿದ್ರೆ ಮತ್ತೆ ನೀರು ಹೋಗೂದು ಗ್ಯಾರಂಟಿ” ಎಂದರು. ಅವರ ಮಾತು ಸರಿ. ಒಳಗಿನ ಬ್ಯಾಟರಿ ನಾವು ಬದಲಿಸುವಂಥದ್ದಲ್ಲ.

ಸುರಕ್ಷತೆಗೆಂದು ಕೊಟ್ಟಿರುವ ಸೌಲಭ್ಯಗಳ ಬಗ್ಗೆ ಒಂದು ಎಚ್ಚರಿಕೆ. ಬಿದ್ದರೆ ಮನೆಯವರಿಗೆ ಸಂದೇಶ ಹೋಗುವುದು, ಓಡುತ್ತಿರುವ ಜಾಗ ಅವರಿಗೆ ಕಾಣುವುದು, ಇವೆರಡೂ ಗಡಿಯಾರದಿಂದ ನೇರವಾಗಿ ಆಗುವುದಿಲ್ಲ, ಜೇಬಿನಲ್ಲಿರುವ ಮೊಬೈಲಿನ ಮೂಲಕ ಆಗುತ್ತವೆ. ಮೊಬೈಲ್ ಮನೆಯಲ್ಲಿಟ್ಟು ಹೋದರೆ, ಅಥವಾ ದೇವಿಮನೆ ಘಟ್ಟದಂಥ ಕಡೆ ನೆಟ್‌ವರ್ಕ್ ಸಿಗದ ತಿರುವಿನಲ್ಲಿದ್ದರೆ, ಸಂದೇಶ ಎಲ್ಲಿಗೂ ಹೋಗುವುದಿಲ್ಲ. ಯಾವ ದಾರಿಯಲ್ಲಿ ಹೋಗಿ ಎಷ್ಟು ಹೊತ್ತಿಗೆ ಬರುತ್ತೇನೆಂದು ಹೇಳಿ ಹೊರಡುವುದನ್ನು ಬಿಡಬಾರದು.

ಘಟ್ಟದ ಮಾತು ಬಂದಿದ್ದರಿಂದ ಇದರ ದೊಡ್ಡ ಕೊರತೆಯನ್ನೂ ಹೇಳಬೇಕು: ಇದರಲ್ಲಿ ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಸಾಧನವಿಲ್ಲ. ಉಪಗ್ರಹಗಳೆಲ್ಲ ತಲೆಯ ಮೇಲೇ ಇರುವುದರಿಂದ, ಅವುಗಳಿಂದ ಲೆಕ್ಕ ಹಾಕಿದ ಎತ್ತರ ಅಡ್ಡಗಲದ ಸ್ಥಾನಕ್ಕಿಂತ ಯಾವಾಗಲೂ ಒರಟು. ಕುಮಟೆಯ ಕಡೆಯಿಂದ ಹತ್ತಿ ಸುಮಾರು 600 ಮೀಟರ್ ಎತ್ತರದ ಶಿರಸಿ ಸೇರುವ ದಾರಿಯಲ್ಲಿ ಎಷ್ಟು ಏರಿದೆನೆಂಬುದು ಓಡುತ್ತಿರುವಾಗಲೇ ತಿಳಿಯಬೇಕೆನ್ನುವವರು 2023ರಲ್ಲಿ ಬಂದ ಕೋರೋಸ್ ಪೇಸ್ 3 ಅಥವಾ 2024ರಲ್ಲಿ ಬಂದ ಫೋರ್‌ರನ್ನರ್ 165 ನೋಡಬಹುದು. ಎರಡರಲ್ಲಿಯೂ ಆ ಸಾಧನವಿದೆ. ಪೇಸ್ 3 ಉಪಗ್ರಹಗಳ ಎರಡು ತರಂಗಾಂತರಗಳನ್ನು ಒಟ್ಟಿಗೆ ಕೇಳಿಸಿಕೊಳ್ಳುತ್ತದೆ, ಹಾಗಾಗಿ ಬಂಡೆಗೆ ಬಡಿದು ಬಂದ ಸಂಕೇತವನ್ನು ನೇರ ಬಂದದ್ದರಿಂದ ಬೇರ್ಪಡಿಸುವುದರಲ್ಲಿ ಮೇಲುಗೈ. ಕಾಡಿನೊಳಗೆ ಓಡುವವರಿಗೆ ನಾನು ಅದನ್ನೇ ಹೇಳುತ್ತೇನೆ. ಫೋರ್‌ರನ್ನರ್ 165ರಲ್ಲಿ ಹೊಳಪಿನ ಅಮೋಲೆಡ್ ಸ್ಪರ್ಶಪರದೆಯ ಜೊತೆಗೆ ಅದೇ ಐದು ಗುಂಡಿಗಳೂ ಇವೆ, ಮಳೆಗಾಲದಲ್ಲಿ ಸ್ಪರ್ಶವನ್ನು ಬಂದ್ ಮಾಡಿಡಬಹುದು.

ಇದಕ್ಕಿಂತ ಅಗ್ಗದಲ್ಲಿ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಎರಡು ಮೂರು ಸಾವಿರಕ್ಕೆ ಪೇಟೆಯಲ್ಲಿ ಸಿಗುವ ಸ್ಮಾರ್ಟ್‌ವಾಚುಗಳಲ್ಲಿ ಬಹುತೇಕವಕ್ಕೆ ಸ್ವಂತ ಜಿಪಿಎಸ್ ಇರುವುದಿಲ್ಲ. ಡಬ್ಬಿಯ ಮೇಲೆ ಜಿಪಿಎಸ್ ಎಂದು ಬರೆದಿದ್ದರೂ ಅವು ಮೊಬೈಲಿನ ಜಿಪಿಎಸ್ಸನ್ನು ಎರವಲು ಪಡೆಯುತ್ತವೆ, ಮೊಬೈಲ್ ಇಲ್ಲದಿದ್ದರೆ ಹೆಜ್ಜೆ ಎಣಿಸಿ ದೂರ ಊಹಿಸುತ್ತವೆ. ಮೊಬೈಲ್ ಹಿಡಿದೇ ಓಡುವವರಿಗೆ ಗಡಿಯಾರವೇ ಬೇಡ, ಅದರ ಆ್ಯಪ್ ಸಾಕು. ಓಟ ಈಗಷ್ಟೇ ಶುರುಮಾಡಿದವರೂ ಅವಸರ ಪಡಬೇಕಾಗಿಲ್ಲ. ಒಂದು ಮಳೆಗಾಲವನ್ನು ಓಡಿ ಕಳೆದ ಮೇಲೂ ಬೆಳಿಗ್ಗೆ ಏಳುವ ಮನಸ್ಸು ಉಳಿದಿದ್ದರೆ ಆಗ ಕೊಳ್ಳಲಿ, ಅದಕ್ಕೆ ಮುಂಚೆ ಆ ಹಣ ಒಳ್ಳೆಯ ಬೂಟಿಗೆ ಹೋಗಲಿ.

ಕೊಳ್ಳುವ ಜಾಗದ ಬಗ್ಗೆ ಕೊನೆಯದಾಗಿ. ಓಟದ ಗಡಿಯಾರವನ್ನು ಕೈಗೆ ಕಟ್ಟಿ ನೋಡಿ ಕೊಳ್ಳಬೇಕೆಂದರೆ ನಮ್ಮವರು ಹುಬ್ಬಳ್ಳಿಗೋ ಗೋವಾಕ್ಕೋ ಹೋಗಬೇಕು, ಇಲ್ಲದಿದ್ದರೆ ಆನ್‌ಲೈನ್. ಒಬ್ಬ ಆನ್‌ಲೈನ್ ಮಾರಾಟಗಾರ ನನಗೆ ಕಳಿಸಿದ್ದ ಮೊದಲ ಡಬ್ಬಿಯ ಅಂಟು ಮೊದಲೇ ಬಿಚ್ಚಿತ್ತು, ಒಳಗಿನ ಚೀಟಿಯ ಸೀರಿಯಲ್ ಸಂಖ್ಯೆಗೂ ಗಡಿಯಾರದೊಳಗೆ ತೋರಿಸುವ ಸಂಖ್ಯೆಗೂ ತಾಳೆಯಾಗಲಿಲ್ಲ. ಡಬ್ಬಿ ತೆರೆಯುವುದನ್ನು ವಿಡಿಯೋ ಮಾಡಿಟ್ಟಿದ್ದರಿಂದ ವಾಪಸು ಕಳಿಸುವುದು ಸಾಧ್ಯವಾಯಿತು. ಭಾರತದ ವಾರಂಟಿ ಇದೆಯೆಂದು ಬಿಲ್ಲಿನಲ್ಲಿ ಸ್ಪಷ್ಟವಾಗಿರಬೇಕು, ಹೊರದೇಶದಿಂದ ತಂದು ಅಗ್ಗಕ್ಕೆ ಮಾರುವವರಲ್ಲಿ ಅದು ಇರುವುದಿಲ್ಲ. ಹೊಸ ಮಾದರಿಗಳು ಬಂದ ಮೇಲೆ ಫೋರ್‌ರನ್ನರ್ 55ರ ಹಳೆಯ ದಾಸ್ತಾನು ರಿಯಾಯಿತಿಗೆ ಬರುವುದುಂಟು. ಹಾಗೆ ಕೊಂಡವರು ಮೊದಲ ವಾರದಲ್ಲಿಯೇ ಪೂರ್ತಿ ಚಾರ್ಜ್ ಮಾಡಿ, ಉಪಗ್ರಹ ಹಚ್ಚಿ, ಒಂದು ಗಂಟೆಗೆ ಬ್ಯಾಟರಿ ಎಷ್ಟು ಇಳಿಯಿತೆಂದು ನೋಡಬೇಕು. ನೂರರಲ್ಲಿ ಐದಾರು ಇಳಿದರೆ ಸರಿ. ಹತ್ತು ದಾಟಿದರೆ ಡಬ್ಬಿ ಎಸೆಯುವ ಮುಂಚೆಯೇ ಮಾರಿದವರಿಗೆ ತಿಳಿಸಬೇಕು.